ಮಡಚಿದ ಟವೆಲ್‌ಗಳು

ಮಾರ್ಚ್ ೧೨, ಗುರುವಾರ

ಆ ಟವೆಲ್‌ಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಮ್ಮ ವಿಶೇಷ ಮಕ್ಕಳ ಶಾಲೆಯಿಂದ ಹೋಟೆಲಿನ ಲಾಂಡ್ರಿಗೆ ನಾನೇ ಕೆಲಸಕ್ಕೆ ಸೇರಿಸಿದ ಹುಡುಗಿಯನ್ನು ನೋಡಲು ಸಂಜೆ ಹೋಗಿದ್ದೆ. ಅವಳು ದಿನವಿಡೀ ಮಡಚಿದ್ದನ್ನು ಮೇಲ್ವಿಚಾರಕ ಒಂದೊಂದಾಗಿ ಕೊಡವಿ ಬಿಚ್ಚಿ ಬುಟ್ಟಿಗೆ ಎಸೆಯುತ್ತಿದ್ದ.

“ಇದೇನ್ರೀ?”

“ನಾಳೆ ಅವಳಿಗೆ ಕೊಡಬೇಕಲ್ಲ ಮೇಡಂ. ದಿನಾ ಇವೇ ಟವೆಲ್. ನಿಜವಾದ ಕೆಲಸ ಕೊಟ್ಟು ಕೈ ಸುಟ್ಕೊಳ್ಳೋರು ಯಾರು? ಸಂಬಳ ಬರ್ತಿದೆಯಲ್ಲ, ಸುಮ್ನಿರಿ.”

ಚಪ್ಪಲಿ ಹಾಕಿಕೊಳ್ಳಲು ಹೋಗಿದ್ದ ಹುಡುಗಿ ಬಾಗಿಲಲ್ಲಿ ಬಂದು ನಿಂತಿದ್ದಳು. ಬುಟ್ಟಿಯನ್ನೇ ನೋಡುತ್ತಿದ್ದಳು.

“ಅಣ್ಣಾ, ನಾನು ಸರಿಯಾಗಿ ಮಡಚಿಲ್ವಾ?”

“ಎಲ್ಲಿ ಸರಿಯಾಗಿದೆ ಮಹಾರಾಣಿ? ಅಂಚೇ ಕೂಡಿಲ್ಲ,” ಎಂದವನು ನನ್ನತ್ತ ಕಣ್ಣು ಮಿಟುಕಿಸಿದ.

ಅವಳು ನನ್ನ ಮುಖ ನೋಡಿದಳು. ನಿಜ ಹೇಳಿದರೆ ಈ ಕೆಲಸ ಹೋಗುತ್ತದೆ, ಅವಳಪ್ಪ ಮತ್ತೆ ಕೋಣೆಯಲ್ಲಿ ಕೂಡಿಹಾಕುತ್ತಾನೆ. “ಇನ್ನೂ ಸ್ವಲ್ಪ ಕಲೀಬೇಕು ಪುಟ್ಟಿ,” ಎಂದೆ.

ಈಗಷ್ಟೇ ಅವಳಮ್ಮ ಫೋನ್ ಮಾಡಿದ್ದರು. “ಮಿಸ್, ಬೀರುವಿನ ಬಟ್ಟೆಯೆಲ್ಲ ಎಳೆದು ಹಾಕ್ಕೊಂಡು ಮಡಚ್ತಾ ಕೂತಿದ್ದಾಳೆ. ಊಟಾನೂ ಬೇಡವಂತೆ. ನೀವಾದ್ರೂ ಹೇಳಿ.”

ಫೋನ್ ಅವಳ ಕೈಗೆ ಹೋಯಿತು. “ಮಿಸ್, ಈಗ ಅಂಚು ಕೂಡ್ತಿದೆ. ನಾಳೆ ಅಣ್ಣ ಬಿಚ್ಚಿ ಹಾಕಲ್ಲ ಅಲ್ವಾ?”

ಹಾಕಲ್ಲ, ಮಲಕ್ಕೋ ಎಂದೆ.