ಕರೆ ಕೇಳದ ಅಂಡಾಶಯ

ಘಟಪ್ರಭೆಯ ದಂಡೆ, ಶ್ರಾವಣ, ಕ್ರಿ.ಶ. ೨೩೧೪

ನಿಮಗಿಂತ ಮೂರು ಶತಮಾನ ಆಚೆ ಕೂತು ಬರೆಯುತ್ತಿದ್ದೇನೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕೆಲವು ಮಾತುಗಳು ನಮಗೆ ಮರೆತೇ ಹೋಗಿವೆ. ನಿಮ್ಮಲ್ಲಿ ಬಸಿರು ನಿಲ್ಲುತ್ತಿತ್ತಂತೆ. ನಮ್ಮಲ್ಲಿ ಅದು ಮಂಜೂರಾಗುತ್ತದೆ.

ತಲೆಯೊಳಗಿನ ಗ್ರಂಥಿಯಿಂದ ಹೊರಟ ಹಾರ್ಮೋನು ಅಂಡಾಶಯವನ್ನು ಕರೆಯುತ್ತದೆ. ಆ ಕರೆ ಕೇಳಿಸಿಕೊಳ್ಳುವ ಗ್ರಾಹಕವನ್ನು ಕಟ್ಟುವುದು ಒಂದು ಜೀನ್. ಹೆಣ್ಣುಕೂಸು ಹುಟ್ಟಿದೊಡನೆ ಅದರ ಅಂಡಾಶಯದಲ್ಲಿ ಆ ಜೀನನ್ನು ಸಂತಾನ ಕೇಂದ್ರದವರು ತಿದ್ದುತ್ತಾರೆ, ಮುಂದೆ ಗಡ್ಡೆ ಬಾರದಿರಲೆಂದು. ಇದಕ್ಕೆ ತೊಟ್ಟಿಲ ತಿದ್ದುಪಡಿ ಎಂದು ಹೆಸರು. ಹುಡುಗಿ ಬೆಳೆದ ಮೇಲೆ ದಿನಾ ಗುಳಿಗೆ, ಶಕ್ತಿಗೆಂದು. ಮದುವೆಯಾಗಿ ಬಸಿರಿನ ಅರ್ಜಿ ಒಪ್ಪಿಗೆಯಾದವರಿಗೆ ‘ಎರಡನೆಯ ಕರೆ’ ಎಂಬ ಸೂಜಿಮದ್ದು. ನನ್ನ ಅಣ್ಣ ಒಮ್ಮೆ ಸಭೆಯಲ್ಲಿ ಕೇಂದ್ರದ ವಿರುದ್ಧ ಮಾತಾಡಿದ್ದ. ಅಲ್ಲಿಂದೀಚೆಗೆ ಅವನ ಹೆಂಡತಿ ಚಂಪಾವತಿ ವೈನಿಯ ಅರ್ಜಿ ಹೋದಂತೆಯೇ ವಾಪಸು ಬರುತ್ತಿತ್ತು.

ಒಂದು ಬೇಸಿಗೆ ವೈನಿ ಯಾರಿಗೂ ಹೇಳದೆ ಗುಳಿಗೆ ಬಿಟ್ಟಳು. ಮುಟ್ಟು ನಿಂತೇ ಹೋಯಿತು.

“ಸುಗಂಧಾ, ಗುಳಿಗಿ ಬರೇ ಶಕ್ತಿಗಿ ಅಂದ್ರ ಮುಟ್ಟ ಯಾಕ ನಿಲ್ಲಬೇಕು? ನೀ ಜೀನ್ ಓದಾಕಿ. ನಂದೂ ಓದಿ ನೋಡು.”

ಆಕೆಯ ಅಂಡಾಶಯದ ಜೀವಕೋಶ ತೆಗೆದು ಓದಿದೆ. ತಿದ್ದಿದ ಗ್ರಾಹಕ ಮೈಯ ಹಾರ್ಮೋನಿಗೆ ಕಿವುಡಾಗಿತ್ತು. ಕೇಂದ್ರದ ಸೂಜಿಮದ್ದಿಗೆ ಮಾತ್ರ ಓಗೊಡುತ್ತಿತ್ತು. ನನ್ನದನ್ನೂ ಓದಿದೆ. ಹಾಗೇ ಇತ್ತು. ಇಷ್ಟು ದಿನ ಇಬ್ಬರಿಗೂ ಮುಟ್ಟು ಬರಿಸುತ್ತಿದ್ದದ್ದು ಗುಳಿಗೆ ಮಾತ್ರ.

ಇಬ್ಬರೂ ಕೇಂದ್ರಕ್ಕೆ ಹೋದೆವು. ಅಲ್ಲಿನ ಡಾಕ್ಟರು ಅಲ್ಲಗಳೆಯಲಿಲ್ಲ, ಎದ್ದು ಬಾಗಿಲು ಮುಚ್ಚಿದರು.

“ಮುಂದಿನ ವಾರನ ಸೂಜಿ ಕೊಡ್ತೀವ್ರಿ ಬಾಯಾರ. ಓಣ್ಯಾಗ ಈ ಮಾತು ಬ್ಯಾಡ.”

“ಆತ್ರಿ,” ಎಂದಳು ವೈನಿ.

ಸಿಟ್ಟಿಗೆ ನಾನು ಆಕೆಯ ಮನೆಗೆ ಹೋಗುವುದನ್ನೇ ಬಿಟ್ಟೆ. ಬಸಿರಾದಳೆಂದು ಕೇಳಿದಾಗಲೂ ಹೋಗಲಿಲ್ಲ. ಹೆರಿಗೆಗೆ ಆಕೆ ಕೇಂದ್ರಕ್ಕೆ ಹೋಗದೆ ತವರಿಗೆ ಹೋಗಿ, ನನ್ನನ್ನು ಕರೆಸಿಕೊಂಡಾಗಲೇ ನನಗೆ ಅರ್ಥವಾದದ್ದು. ಆಕೆ ಸೂಜಿಗೆ ಒಪ್ಪಿದ್ದು ತಿದ್ದದ ಕೂಸೊಂದು ಹುಟ್ಟಲೆಂದು. ತಿದ್ದುಪಡಿ ಅಂಡಾಣುವನ್ನು ಮುಟ್ಟುವುದಿಲ್ಲ, ತಾಯಿಯಿಂದ ಮಗಳಿಗೆ ಬರುವುದಿಲ್ಲ. ಅದಕ್ಕೇ ಪ್ರತಿ ಕೂಸನ್ನೂ ಹೊಸದಾಗಿ ತಿದ್ದಬೇಕು. ಕೇಂದ್ರದವರು ಹುಡುಕಿಕೊಂಡು ಬಂದಾಗ ಹಸಿ ಬಾಣಂತಿ ಎದ್ದು ಬಾಗಿಲಿಗೆ ಅಡ್ಡ ನಿಂತಳು.

“ನನ್ನ ಮಗಳಿಗಿ ಕೈ ಹಚ್ಚಬ್ಯಾಡ್ರಿ! ಎಲ್ಲಾರೂ ಕೇಳ್ರೆವಾ, ಒಂದೆರಡ ತಿಂಗಳ ಗುಳಿಗಿ ಬಿಟ್ಟ ನೋಡ್ರಿ, ನಿಮಗ ತಿಳೀತೈತಿ!”

ಓಣಿಯ ಹೆಂಗಸರು ಹೊರಬಂದು ಸುತ್ತುಗಟ್ಟಿದರು. ಬಂದವರು ಬಂದ ದಾರಿಗೆ ಸುಂಕವಿಲ್ಲದಂತೆ ಹೋದರು.

ಆ ಕೂಸು ಪದ್ಮಲ ಬೆಳೆದು, ಹೋದ ವಾರ ಗುಳಿಗೆಯಿಲ್ಲದೆ ಮೈನೆರೆದಳು. ವೈನಿ ಓಣಿಗೆಲ್ಲ ಎಳ್ಳುಬೆಲ್ಲದ ಚಿಗಳಿ ಉಂಡೆ ಹಂಚಿದಳು. ಮುದುಕಿಯರು ಹುಡುಗಿಯ ಕೆನ್ನೆ ಸವರಿ ಅತ್ತರು. ಮರುದಿನವೇ ಕೇಂದ್ರದವರು ಹೂವು ಹಿಡಿದು ಬಂದರು, ಇವಳ ಆರೋಗ್ಯ ನಾವೇ ನೋಡಿಕೊಳ್ಳುತ್ತೇವೆ ಎಂದರು. ಹೂವನ್ನು ಹೊಸ್ತಿಲಾಚೆಯೇ ಇಡಿಸಿದೆವು.

ನೀವು ಈಗ ಆ ಜೀನನ್ನು ಓದುತ್ತಿದ್ದೀರಿ, ಮಕ್ಕಳಿಲ್ಲದವರಿಗೆ ಮಕ್ಕಳಾಗಲೆಂದು. ಓದಿ. ಆದರೆ ಯಾರಾದರೂ ನಗುನಗುತ್ತ ಬಂದು ಸಣ್ಣದೊಂದು ತಿದ್ದುಪಡಿ ಅಷ್ಟೆ ಎಂದರೆ, ಕೂಸನ್ನು ಎದೆಗೆ ಎತ್ತಿಕೊಂಡು ಮೊದಲು ಕೇಳಿ: ಇನ್ನುಮುಂದೆ ಇದರ ಮೈ ಯಾರ ಮಾತು ಕೇಳುತ್ತದೆ?

ನಿಮ್ಮ ಮುಂದಿನವಳು,
ಸುಗಂಧಾ