ಕಂಬಿಯ ಮೇಲೆ ಮೂರು ತಟ್ಟು

ಮಾರ್ಚ್ 4, ಮಂಗಳವಾರ
ಹಳೆ ಆಸ್ಪತ್ರೆಯ ಲಿಫ್ಟ್ ರಿಪೇರಿ. ಬಾಗಿಲ ಸಂದಿಯಲ್ಲಿ ಒಂದು ಕೂದಲ ಕ್ಲಿಪ್ಪು. ಅಷ್ಟಕ್ಕೇ ಇಡೀ ಕಟ್ಟಡ ಮೆಟ್ಟಿಲು ಹತ್ತಿ ನನ್ನನ್ನು ಬೈದುಕೊಂಡಿದೆ. ಅವತ್ತು ಬಿದ್ದಾಗ ಕಾಲೊಳಗೆ ಹಾಕಿದ ರಾಡ್ ಇವತ್ತು ಸುಮ್ಮನಿದೆ, ಪುಣ್ಯ.

ಸಂಜೆ ಪಾಸ್ಟರ್ ಫೋನು. ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳಬೇಕಂತೆ, ದೇವರು ನನ್ನನ್ನು ಹೇಗೆ ಉಳಿಸಿದ ಅಂತ. "ಲಿಫ್ಟ್ ಗುಂಡಿಗೆ ಬಿದ್ದೂ ಬದುಕಿದವರು. ನೀವು ಹೇಳದೆ ಇನ್ಯಾರು ಹೇಳ್ಬೇಕು? ಐದು ನಿಮಿಷ ಸಾಕು." ಹೂಂ ಅಂದೆ. ಹೆಂಡತಿ ನಕ್ಕಳು — "ಗಂಟಲು ಸರಿಮಾಡ್ಕೊಳ್ಳೋಕೇ ನಿಮಗೆ ಐದು ನಿಮಿಷ ಬೇಕು."

ಮಾರ್ಚ್ 6, ಗುರುವಾರ
ಕನ್ನಡಿ ಮುಂದೆ ಅಭ್ಯಾಸ. ಬಿದ್ದೆ, ಪ್ರಾರ್ಥಿಸಿದೆ, ಯೇಸು ಕೈಹಿಡಿದ, ಸ್ತೋತ್ರ. ಚೆನ್ನಾಗೇ ಬರುತ್ತೆ. ಜೊತೆಗೆ ಕೆಲಸ ಮಾಡುತ್ತಿದ್ದ ಉದ್ದಣ್ಣನ ಹೆಸರು ಮಾತ್ರ ಎಲ್ಲೂ ಇಲ್ಲ... ಎಲ್ಲಿ ಸೇರಿಸಿದರೂ ಮಾತು ಕುಂಟುತ್ತೆ, ನನ್ನ ಹಾಗೆ. ಅವತ್ತು ಇಬ್ಬರೂ ಲಿಫ್ಟ್ ಗುಂಡಿಯೊಳಗೆ ಕಟ್ಟಿದ ಒಂದೇ ಹಲಗೆ ಮೇಲೆ ನಿಂತಿದ್ದೆವು. ಒಟ್ಟಿಗೇ ಬಿದ್ದೆವು. ಅವನು ಉಳಿಯಲಿಲ್ಲ.

ಮಾರ್ಚ್ 7, ಶುಕ್ರವಾರ
ಅತ್ತಿಗೆ ಸಿಕ್ಕರು, ಉದ್ದಣ್ಣನ ಹೆಂಡತಿ. ಚರ್ಚು, ದೇವರು ಯಾವುದರ ಗೋಜಿಗೂ ಹೋದವರಲ್ಲ. ಸುದ್ದಿ ಅವರ ಕಿವಿಗೂ ಬಿದ್ದಿದೆ.
"ಭಾನುವಾರ ನಾನೂ ಬರ್ತೀನಪ್ಪ. ಒಂದು ಕೇಳ್ಲಾ? ನಿನ್ನ ದೇವರು ನಿನ್ನ ಕೈ ಹಿಡ್ಕೊಂಡ. ನಮ್ಮನೆಯವರ ಕೈ ಯಾಕೆ ಬಿಟ್ಟ?"
ಜಗಳದ ದನಿಯಲ್ಲ. ತರಕಾರಿ ಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಕಾದರು. ಕಾಲು ನೋವು ಅಂತ ಹೇಳಿ ತಪ್ಪಿಸಿಕೊಂಡು ಬಂದೆ. ಕನ್ನಡಿ ಮುಂದಿನದ್ದನ್ನೇ ಹೇಳಿದರೆ ಆಮೇಲೆ ಅವರಿಗೆ ಹೇಗೆ ಮುಖ ತೋರಿಸಲಿ? ಬಾಯಿ ಮುಚ್ಚಿಕೊಂಡಿದ್ದರೆ ದೇವರಿಗೆ?

ಮಾರ್ಚ್ 9, ಭಾನುವಾರ, ಮಧ್ಯಾಹ್ನ
ಹೇಳಿಬಿಟ್ಟೆ. ಕನ್ನಡಿ ಮುಂದಿನದ್ದಲ್ಲ. ಕೊನೆ ಬೆಂಚಿನಲ್ಲಿ ಅತ್ತಿಗೆ, ಅವರನ್ನೇ ನೋಡಿ ಶುರು ಮಾಡಿದೆ.
"ನಾನ್ಯಾಕೆ ಉಳಿದೆ, ನನಗೆ ಗೊತ್ತಿಲ್ಲ. ಉದ್ದಣ್ಣ ನನಗಿಂತ ಒಳ್ಳೆ ಮನುಷ್ಯ."
ಪಾಸ್ಟರ್ ಕುರ್ಚಿಯಲ್ಲಿ ಮಿಸುಕಿದರು. ನಾನು ತಟ್ಟುವ ವಿಷಯಕ್ಕೆ ಬಂದೆ. ನಮ್ಮ ಕೆಲಸದಲ್ಲಿ ಮೇಲಿದ್ದವನಿಗೆ ಕೆಳಗಿದ್ದವನ ಮುಖ ಕಾಣಲ್ಲ. ಲಿಫ್ಟ್ ಓಡುವ ಕಂಬಿಗೆ ಮೂರು ಸಲ ತಟ್ಟಿದರೆ 'ಇದೀಯಾ?' ಎರಡು ಸಲ ತಟ್ಟಿದರೆ 'ಇದೀನಿ.' ಬಿದ್ದ ಮೇಲೆ ಆ ಕತ್ತಲಲ್ಲಿ ಇಬ್ಬರಿಗೂ ಬಾಯಿಂದ ಮಾತು ಹೊರಡಲಿಲ್ಲ. ಉದ್ದಣ್ಣ ಮೂರು ತಟ್ಟಿದ. ನಾನು ಎರಡು ತಟ್ಟಿದೆ. ಹೀಗೇ ತುಂಬಾ ಹೊತ್ತು. ಆಮೇಲೆ ಅವನದ್ದು ನಿಂತಿತು. ಭಯಕ್ಕೆ ನಾನೇ ಮೂರು ತಟ್ಟಿದೆ. ಕಂಬಿ ಸುಮ್ಮನಿತ್ತು.
"ಆವಾಗ ಮನಸ್ಸಲ್ಲೇ 'ಯೇಸುವೇ, ಇದೀಯಾ' ಅಂದೆ. ಸದ್ದೇನೂ ಬರ್ಲಿಲ್ಲ. ಆದ್ರೆ ಒಬ್ಬನೇ ಇದೀನಿ ಅಂತ ಅನ್ನಿಸ್ಲಿಲ್ಲ. ನಮ್ಮಿಬ್ಬರ ಹತ್ರಾನೂ ಇದ್ದ ಅಂತ ನಂಬ್ತೀನಿ. ನನ್ನ ಸಾಕ್ಷಿ ಇಷ್ಟೇ."
ಕೊನೆಗೆ ಸ್ತೋತ್ರ ಹೇಳುವುದೇ ಮರೆತೆ. ಕಣ್ಣೊರೆಸಿಕೊಂಡು ನೋಡಿದರೆ ಕೊನೆ ಬೆಂಚು ಖಾಲಿ.

ಮಾರ್ಚ್ 15, ಶನಿವಾರ
ಬರೆಯುವ ಮನಸ್ಸೇ ಇರಲಿಲ್ಲ. "ಸ್ವಲ್ಪ ಬೇರೆ ಥರ ಇತ್ತು" ಅಂದರು ಪಾಸ್ಟರ್, ಬೇಜಾರಿಲ್ಲದೆ. ಅತ್ತಿಗೆ ವಾರವಿಡೀ ಫೋನ್ ಎತ್ತಲಿಲ್ಲ. ನೋಯಿಸಿಬಿಟ್ಟೆ ಅಂತಲೇ ಸಂಕಟ.

ಇವತ್ತು ಹೆಂಡತಿ ಅವರ ಮನೆಗೆ ಹೋಗಿ ಬಂದಳು. ಕೆಲಸದಿಂದ ಬಂದಾಗ ಉದ್ದಣ್ಣ ಬೆಲ್ ಒತ್ತುತ್ತಿರಲಿಲ್ಲವಂತೆ. ಬಾಗಿಲು ಮೂರು ಸಲ ತಟ್ಟುತ್ತಿದ್ದನಂತೆ. ಅತ್ತಿಗೆ ಒಳಗಿಂದ ಎರಡು ತಟ್ಟಿದ ಮೇಲೇ ಒಳಗೆ ಬರುತ್ತಿದ್ದನಂತೆ. ಏನೋ ಹುಡುಗಾಟ ಅಂದುಕೊಂಡು ಯಾಕೆ ಅಂತ ಯಾವತ್ತೂ ಕೇಳಿರಲಿಲ್ಲವಂತೆ, ಅರ್ಥ ಗೊತ್ತಾಗಿದ್ದು ಆ ಭಾನುವಾರವಂತೆ. ಅಷ್ಟು ಹೇಳಿ ಅತ್ತರಂತೆ. ನಾನೂ ಅತ್ತೆ.

ಮಾರ್ಚ್ 16, ಭಾನುವಾರ, ಬೆಳಿಗ್ಗೆ
ಚರ್ಚಿಗೆ ಹೊತ್ತಾಯಿತು. ಸ್ನಾನಕ್ಕೆ ಹೋದ ಹೆಂಡತಿ ಇನ್ನೂ ಹೊರಗೆ ಬಂದಿಲ್ಲ, ಐದು ನಿಮಿಷದ ಮಾತು ನನಗೆ ಹೇಳ್ತಾಳೆ. ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಬೆಲ್ ಸರಿಯಾಗೇ ಇದೆಯಲ್ಲ, ನಾನೇ ರಿಪೇರಿ ಮಾಡಿದ್ದು... ಮೂರು ಸಲ. ನಿಂತಿತು. ಮತ್ತೆ ಮೂರು.
ಬಾಗಿಲು ಆಮೇಲೆ ತೆಗೀತೀನಿ. ಮೊದಲು ಒಳಗಿಂದ —