ಬಾಗಿಲಲ್ಲಿ ಕೇಳಿದ ಹೆಸರು

೯-೮-೫೪, ಸೋಮವಾರ

ಹನ್ನೊಂದಕ್ಕೆ ಸರಿಯಾಗಿ ಬೆಂಚಿನ ಮೇಲೆ ಕೂತೆ. ಹೆಗ್ಗಡದೇವನಕೋಟೆ ಬಸ್ಸು ಮತ್ತೆ ತಡ. ಅರ್ಧ ಕಕ್ಷಿದಾರರು ಬಂದಾಗ ಹನ್ನೆರಡು. ಆದರೂ ಕರೆದ ಕೇಸುಗಳಲ್ಲಿ ಅರ್ಧಕ್ಕರ್ಧ ಮುಗಿಸಿ ಎದ್ದೆ. ಇಷ್ಟು ಚುರುಕಾದ ಮುನ್ಸೀಫರು ಈ ಕಡೆಗೆ ಬಂದೇ ಇಲ್ಲವೆಂದು ವಕೀಲರು ಆಡಿಕೊಳ್ಳುತ್ತಾರಂತೆ— ಬೆಂಚ್ ಕ್ಲರ್ಕ್ ಚಾಮಯ್ಯ ಹೇಳಿದ. ಚಾಮಯ್ಯ ಸುಳ್ಳು ಹೇಳುವವನಲ್ಲ. ನನಗೆ ಹಿಡಿಸುವ ನಿಜಗಳನ್ನು ಆರಿಸಿ ಹೇಳುತ್ತಾನೆ.

ಮಧ್ಯಾಹ್ನ ಒಬ್ಬ ಸಾಕ್ಷಿ, ಮುಸ್ಸಂಜೆಯಲ್ಲಿ ಒಂದು ಮೈಲಿ ದೂರದಿಂದ ಜಗಳ ಕಂಡೆ ಎಂದ. "ಏನಪ್ಪ, ನಿಂದು ಕಣ್ಣೋ ದುರ್ಬೀನೋ?" ಎಂದೆ. ಕೋರ್ಟು ಘೊಳ್ಳೆಂದು ನಕ್ಕಿತು. ಹಿರಿಯ ವಕೀಲ ವೀರಭದ್ರಸ್ವಾಮಿ ಮಾತ್ರ ಪೇಟ ಸರಿಮಾಡಿಕೊಂಡರು. ಆ ಮನುಷ್ಯನ ಮುಖದಲ್ಲಿ ನಗು ಕಂಡವರಿಲ್ಲ.

೧೦-೮-೫೪, ಮಂಗಳವಾರ. ಸಂಜೆ

ಸಾಕಮ್ಮನ ದಾವೆ ಹಿಡಿದೆ. ಹೆಗ್ಗಡದೇವನಕೋಟೆ ಕಡೆಯ ಹಳ್ಳಿ. ಜವರಯ್ಯನ ಹೆಂಡತಿ ನಾನು ಎನ್ನುತ್ತಾಳೆ. ಜವರಯ್ಯ ಸತ್ತ, ಮಕ್ಕಳಿಲ್ಲ. ಅವನ ತಮ್ಮ ಚಿಕ್ಕಣ್ಣ ಇವಳನ್ನು ಮನೆಯಿಂದ ಹೊರಗೆ ಹಾಕಿದ್ದಾನೆ. ಅವನ ವಾದ— ಇವಳು ಹೆಂಡತಿಯೇ ಅಲ್ಲ, ಅಣ್ಣ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾಗ ಇಟ್ಟುಕೊಂಡು, ಆಮೇಲೆ ಕರೆತಂದವಳು. ಕೊಡಗಿನ ಗಡಿಯ ಕೊಪ್ಪದ ಹತ್ತಿರ ತಾಳಿ ಕಟ್ಟಿದ್ದು ಎನ್ನುತ್ತಾಳೆ ಇವಳು. ನೋಡಿದವರು ಯಾರೂ ಬದುಕಿಲ್ಲ. ಊರವರಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಹೆಂಡತಿ ಎಂದಾದರೆ ಮನೆ, ಗದ್ದೆ. ಅಲ್ಲವೆಂದಾದರೆ ಬೀದಿ.

ಕಟಕಟೆ ಹತ್ತಿದಳು. ಪ್ರಮಾಣ ಆಯಿತು. ಗಂಡನ ಹೆಸರು ಕೇಳಿದರೆ ಬಾಯಿ ಬಿಡಲೊಲ್ಲಳು. ಇದೇನು ಹೊಸದಲ್ಲ. ಈ ಕಡೆ ಯಾವ ಹೆಂಗಸು ಹೇಳುತ್ತಾಳೆ? ಚಾಮಯ್ಯ ಹೆಸರು ಓದುತ್ತಾನೆ, ಅವರು ತಲೆಯಾಡಿಸುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಇವತ್ತೂ ಚಾಮಯ್ಯ ಬಾಯಿ ತೆರೆದ. ಅಷ್ಟರಲ್ಲಿ ವೀರಭದ್ರಸ್ವಾಮಿ ಎದ್ದರು. ಅವರು ಚಿಕ್ಕಣ್ಣನ ವಕೀಲರು.

"ಯುವರ್ ಆನರ್, ಈಕೆ ಗಂಡ ಯಾರು ಅನ್ನೋದೇ ಇಲ್ಲಿ ವ್ಯಾಜ್ಯ. ಕ್ಲರ್ಕು ಹೇಳಿಕೊಡೋ ಹಾಗಿಲ್ಲ. ಆಕೆ ಬಾಯಿಂದಲೇ ಬರಲಿ."

ಸರಿಯಾದ ಆಕ್ಷೇಪಣೆ. ಒಪ್ಪಿದೆ.

ಕೇಳಿದೆ. ಮತ್ತೆ ಕೇಳಿದೆ. ಸೆರಗಿನ ತುದಿ ಹಿಡಿದು ಸುಮ್ಮನೆ ನಿಂತಿದ್ದಳು. ಹೊತ್ತು ಹೋಗುತ್ತಿತ್ತು... ಆಗ ಹೇಳಿದೆ— "ಏನಮ್ಮ, ಗಂಡನ ಮನೆ ಬಾಗಿಲಲ್ಲಿ ನಿಂತಿರೋ ಮದುಮಗಳ ಥರ ನಾಚ್ಕೋತೀಯಲ್ಲ! ಹೆಸರು ಹೇಳಿದ್ರೆ ತಾನೇ ಒಳಗೆ ಬಿಡೋದು?"

ಹೊಸ ಹೆಣ್ಣು ಮನೆ ತುಂಬುವಾಗ ನಾದಿನಿ ಬಾಗಿಲು ತಡೆದು ಗಂಡನ ಹೆಸರು ಹೇಳಿಸುತ್ತಾಳಲ್ಲ, ಅದು. ಕೋರ್ಟು ಬಿದ್ದು ಬಿದ್ದು ನಕ್ಕಿತು. ಸಾಕಮ್ಮನ ವಕೀಲ ಕಂಠಪ್ಪನೂ ನಕ್ಕ. ಪಾಪ, ಹೊಸಬ.

ಅವಳು ಕಟಕಟೆ ಇಳಿದಳು. "ಸಾಕು ಬುಡಿ ಸೋಮಿ" ಎಂದಳು. ಹೊರಟೇಹೋದಳು. ಕಂಠಪ್ಪ ಹಿಂದೆ ಓಡಿದ. ಕೇಸು ಮುಂದಕ್ಕೆ ಹಾಕಿದೆ.

ಮಾತು ಮಾತ್ರ ಸಮಯಕ್ಕೆ ಸರಿಯಾಗಿ ಬಂತು.

೧೧-೮-೫೪

ಕೇಸಿನ ವಿಷಯ ಮನೆಯಲ್ಲಿ ಆಡುವುದಿಲ್ಲ, ನನ್ನ ನಿಯಮ. ಊರು ಹೆಸರು ಬಿಟ್ಟು ಹಾಸ್ಯವನ್ನಷ್ಟೇ ಹೆಂಡತಿ ನೀಲಾಂಬಿಕೆಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದಳು. ನಗಲಿಲ್ಲ.

"ಆಕೆ ಏನಂದ್ರು?"

"ಏನಿಲ್ಲ. ಹೊರಟುಹೋದಳು."

"ವಕೀಲರು ನಕ್ಕರಾ?"

"ಒಬ್ಬರು ಬಿಟ್ಟು ಎಲ್ಲರೂ."

"ನಗದೆ ಏನ್ಮಾಡ್ತಾರೆ? ನಾಳೆ ನಿಮ್ಮ ಮುಂದೇನೇ ನಿಲ್ಲಬೇಕಲ್ಲ."

ಹಂಚಿನ ಮೇಲೆ ರೊಟ್ಟಿ ಮಗುಚಿದಳು. ಇವಳಿಗೆ ಮೊದಲಿನಿಂದಲೂ ಹಾಸ್ಯ ರುಚಿಸುವುದಿಲ್ಲ. ಹುಚ್ಚೆಳ್ಳು ಚಟ್ನಿ ಚೆನ್ನಾಗಿತ್ತು.

೬-೯-೫೪, ಸೋಮವಾರ

ಸಾಕಮ್ಮ ಬರಲಿಲ್ಲ. ಡಫೇದಾರ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. ಕಂಠಪ್ಪ ಎದ್ದು ತಲೆ ತಗ್ಗಿಸಿದ.

"ಊರಿಗೇ ಹೋಗಿ ಕರೆದೆ, ಯುವರ್ ಆನರ್. ಆ ಮೆಟ್ಲು ಇನ್ನ ಅತ್ತಕಿಲ್ಲ, ಗದ್ದೆ ಓದ್ರೆ ಓಗ್ಲಿ ಅಂತಾರೆ."

ದಾವೆ ವಜಾ ಮಾಡಬೇಕೆಂದು ವೀರಭದ್ರಸ್ವಾಮಿ ಕೇಳಿದರು. ಕಾನೂನಿನ ಪ್ರಕಾರ ಸರಿ. ಒಂದು ಸಾಲು ಬರೆದರೆ ಕೈ ತೊಳೆದುಕೊಳ್ಳಬಹುದಿತ್ತು. ಪೆನ್ನು ತೆಗೆದೆ. ವಾದಿ ತನ್ನ ಸಾಕ್ಷ್ಯವನ್ನು ಪೂರ್ತಿ ಮಾಡಿಲ್ಲ... ಯಾಕೆ ಮಾಡಿಲ್ಲ? ಅದನ್ನೂ ಬರೆಯಬೇಕಲ್ಲ. ನ್ಯಾಯಾಧೀಶ ತುಂಬಿದ ಕೋರ್ಟಿನಲ್ಲಿ ಅವಳನ್ನು ಗೇಲಿ ಮಾಡಿದ, ಅದಕ್ಕೆ.

ಆ ಮನೆಗೆ ಅವಳು ಹೆಂಡತಿಯಾಗಿ ಕಾಲಿಟ್ಟಳೋ ಇಲ್ಲವೋ ಎನ್ನುವುದೇ ಕೇಸು. ನಾನು ಸರಿಯಾಗಿ ಆ ಬಾಗಿಲನ್ನೇ ಎತ್ತಿ ಆಡಿದ್ದೇನೆ! ನಾಚಿಕೆಯಾಯಿತು. ಕಿವಿಯೆಲ್ಲ ಬಿಸಿ. ಆದರೆ ಕೆಡಿಸಿದ್ದನ್ನು ಸರಿ ಮಾಡುವುದೂ ನನಗೆ ಗೊತ್ತು. ವಜಾ ಇಲ್ಲ ಎಂದೆ. ಕೋರ್ಟಿನಿಂದಲೇ ಸಮನ್ಸ್ ಕಳಿಸಲು ಹೇಳಿದೆ.

ಸಂಜೆ ಕಂಠಪ್ಪ ಮನೆ ಜಗಲಿಗೆ ಬಂದ. "ತಾವು ಒಂದು ಮಾತು ಹೇಳಿ ಕಳಿಸಿದ್ರೆ ಆಯಮ್ಮ ಬಂದೇ ಬರ್ತಾರೆ ಸ್ವಾಮಿ..."

"ನಾನು ಹೇಳೋದಿದ್ರೆ ಕೋರ್ಟಲ್ಲಿ ಹೇಳ್ತೀನಿ. ವೀರಭದ್ರಸ್ವಾಮಿಗಳು ಎದುರಿಗಿರುವಾಗ. ನೀವು ಹೊರಡಿ."

ಕಾಫಿ ಕೂಡ ಕೊಡದೆ ಕಳಿಸಿದೆ. ನೀಲಾಂಬಿಕೆಗೆ ಕೋಪ. ಲೋಟಕ್ಕೆ ಬಗ್ಗಿಸಿಬಿಟ್ಟಿದ್ದಳಂತೆ.

೨೭-೯-೫೪, ಸೋಮವಾರ

ಬಂದಳು! ಕಟಕಟೆ ಹತ್ತಲಿಲ್ಲ, ಪಕ್ಕದಲ್ಲೇ ನಿಂತಳು. ಬಲವಂತ ಮಾಡಲಿಲ್ಲ.

ಎಲ್ಲ ವಕೀಲರೂ ಇದ್ದರು. ಗಂಟಲು ಸರಿಮಾಡಿಕೊಂಡು ಹೇಳಿದೆ— "ಹಿಂದೆ ನೀವು ಬಂದ ತಾರೀಖಿನಲ್ಲಿ ನಾನು ನಿಮ್ಮನ್ನ ಕುರಿತು ಒಂದು ಮಾತಾಡಿದೆ. ಈ ಕುರ್ಚಿ ಮೇಲೆ ಕೂತು ಆಡೋ ಮಾತಲ್ಲ ಅದು. ತಪ್ಪಾಯಿತು, ತಾಯಿ."

ಚಾಮಯ್ಯನ ಕೈಯಲ್ಲಿದ್ದ ಕಡತ ಕೆಳಗೆ ಬಿತ್ತು. ನನಗೇನೂ ಕಳೆದುಕೊಂಡಂತೆ ಅನ್ನಿಸಲಿಲ್ಲ. ಹಗುರಾಯಿತು.

ಸಾಕಮ್ಮ ತಲೆ ಎತ್ತಿದಳು. "ಅದು ಬುಡಿ ಸೋಮಿ. ನೀವು ಆ ಬಾಗ್ಲು ಮಾತು ತಗುದ್ರಲ್ಲ... ಅವತ್ತಿಂದ ಅದೇ ಗ್ಯಾನ ನಂಗೆ. ಅವತ್ತು ಆ ಬಾಗ್ಲಲ್ಲೂವೆ ನಾನು ಯೆಸ್ರು ಯೇಳ್ನಿಲ್ಲ ಕಣಿ. ಎಷ್ಟೊತ್ತು ನಿಲ್ಸುದ್ರೂ ಯೇಳ್ನಿಲ್ಲ. ಕೊನೀಕೆ ನಮ್ಮತ್ತೆ, ಒಲೆ ಮ್ಯಾಲೆ ಅನ್ನ ಸೀದೋಯ್ತದೆ, ಬುಡವ್ವ ಒಳಕ್ಕೆ, ಅಂದ್ರು."

"ಬಾಗಿಲು ತಡೆದಿದ್ದು ಯಾರು?" ಕಂಠಪ್ಪ ಕೇಳಿದ.

"ಇನ್ಯಾರು? ನಮ್ಮ ನಾದ್ನಿ ರುಕ್ಮಿಣಿ. ಅಗೋ, ಅಲ್ಲಿ ಕುಂತವ್ಳಲ್ಲ."

ರುಕ್ಮಿಣಮ್ಮ ಚಿಕ್ಕಣ್ಣನ ಅಕ್ಕ. ಕೃಷ್ಣರಾಜನಗರದ ಕಡೆಗೆ ಕೊಟ್ಟ ಹೆಣ್ಣು. ಚಿಕ್ಕಣ್ಣನ ಪರ ಸಾಕ್ಷಿ ಹೇಳಲು ಬಂದು ಕೂತಿದ್ದವಳು. ಅವಳನ್ನು ಕೂಡಲೇ ಹೊರಗೆ ಕಳಿಸಿದೆ. ಮುಂದೆ ಸಾಕ್ಷಿ ಹೇಳುವವಳು ಇದನ್ನು ಕೇಳುತ್ತಾ ಕೂತಿರಬಾರದಿತ್ತು. ಮೊದಲೇ ನಾನು ನೋಡಿಕೊಳ್ಳಬೇಕಾಗಿತ್ತು.

ಆಗ ವೀರಭದ್ರಸ್ವಾಮಿ ಎದ್ದರು. ನಿಧಾನವಾಗಿ.

"ಹಾಸ್ಯ ಮಾಡಿದವರೂ ತಾವೇ, ಕ್ಷಮೆ ಕೇಳಿದವರೂ ತಾವೇ. ಆ ಬಾಗಿಲ ಮಾತು ತಮ್ಮ ಬಾಯಿಂದ ಬರೋವರೆಗೂ ಈಕೆ ಎಲ್ಲೂ ಎತ್ತಿರಲಿಲ್ಲ. ದಾವಾ ಅರ್ಜಿಯಲ್ಲಿ ಇಲ್ಲ. ಈಗ ಅದೇ ಅವರ ಕೇಸಾಯಿತು. ನನ್ನ ಕಕ್ಷಿದಾರನಿಗೆ ತಮ್ಮ ಮುಂದೆ ನ್ಯಾಯ ಸಿಗುತ್ತೋ ಇಲ್ಲವೋ ಅಂತ ಭಯವಾಗಿದೆ, ಯುವರ್ ಆನರ್."

ಮೈಯೆಲ್ಲ ಉರಿಯಿತು. ತಪ್ಪಾಯಿತು ಎಂದ ಬಾಯಿ ಇನ್ನೂ ಆರಿಲ್ಲ, ಅಷ್ಟರಲ್ಲಿ ಇದು! ನಾಳೆ ನೋಡೋಣ ಎಂದು ಎದ್ದುಬಂದೆ. ಗಂಡನ ಹೆಸರಿನ ಜಾಗ ಇನ್ನೂ ಖಾಲಿ.

೨೮-೯-೫೪. ಬೆಳಿಗ್ಗೆ

ನದಿ ಕಡೆ ಒಂದು ಸುತ್ತು ಹೋಗಿಬಂದೆ. ಮುದುಕ ವೀರಭದ್ರಸ್ವಾಮಿ ಹೇಳಿದ್ದು ಸರಿ. ಒಪ್ಪಲು ಮನಸ್ಸಿಲ್ಲ, ಆದರೆ ಸರಿ. ಮೊದಲು ಒಬ್ಬಳಿಗೆ ಅನ್ಯಾಯ ಮಾಡಿದೆ. ಅದನ್ನು ಸರಿಪಡಿಸುವ ಉತ್ಸಾಹದಲ್ಲಿ ಇನ್ನೊಬ್ಬನನ್ನು ಮರೆತೆ. ಚಿಕ್ಕಣ್ಣ ಸುಳ್ಳುಗಾರನೇ ಇರಬಹುದು... ನೋಡಿ, ಈಗಲೇ ಇರಬಹುದು ಎನ್ನುತ್ತಿದ್ದೇನೆ!

ಅದೇ ದಿನ, ಸಂಜೆ

ಕೇಸನ್ನು ಬೇರೆ ಕೋರ್ಟಿಗೆ ವರ್ಗ ಮಾಡಲು ಮೈಸೂರಿಗೆ ನಾನೇ ಬರೆಯುತ್ತೇನೆ ಎಂದೆ. ವೀರಭದ್ರಸ್ವಾಮಿ ಕಕ್ಷಿದಾರನ ಕಿವಿಯಲ್ಲಿ ಏನೋ ಹೇಳಿದರು. ಚಿಕ್ಕಣ್ಣ ಕೈ ಮುಗಿದ. "ಮೈಸೂರ್ಗೆ ಯಾರು ಅಲ್ದಾರು ಸೋಮಿ? ಇಲ್ಲೇ ಆಗ್ಲಿ."

"ಹಾಗಾದ್ರೆ ಒಂದೇ ಕೋರಿಕೆ" ಎಂದರು ವೀರಭದ್ರಸ್ವಾಮಿ. "ತಾವು ಆಡಿದ ಮಾತು ಆಡಿದ ಹಾಗೇ ರೆಕಾರ್ಡಿಗೆ ಬರಬೇಕು."

ಅಲ್ಲೇ ಕೂತು ಸ್ವಂತ ಕೈಯಿಂದ ಬರೆದೆ. ಸಾಕ್ಷ್ಯವೆಲ್ಲ ಇಂಗ್ಲಿಷಿನಲ್ಲಿ, ಹಾಸ್ಯವೂ ಇಂಗ್ಲಿಷಿನಲ್ಲೇ ಆಗಬೇಕು. ಒಂದು ಚೂರೂ ನಗು ಬರುವುದಿಲ್ಲ. ನಾದಿನಿ ಬಾಗಿಲು ತಡೆಯುವ ಪದ್ಧತಿಗೆ ಬೇರೆ ವಿವರಣೆ ಕೊಡಬೇಕಾಯಿತು. ಕೋರ್ಟು ನಕ್ಕಿತು ಎಂದೂ ಬರೆದೆ, ವಾದಿ ಹೊರಟುಹೋದಳು ಎಂದೂ ಬರೆದೆ. ಅಪೀಲು ಹೋದರೆ ಮೈಸೂರಿನ ಜಡ್ಜರು ಓದುತ್ತಾರೆ. ಓದಲಿ.

ನೀಲಾಂಬಿಕೆ ಕಡಲೆಬೇಳೆ ಪಾಯಸ ಮಾಡಿದ್ದಳು. ನವರಾತ್ರಿ ಶುರು. ಎರಡು ಸಲ ಹಾಕಿಸಿಕೊಂಡೆ.

೮-೧೧-೫೪, ಸೋಮವಾರ

ದಸರಾ, ದೀಪಾವಳಿ ಎಲ್ಲ ಕಳೆದು ಇವತ್ತು ರುಕ್ಮಿಣಮ್ಮನ ಸಾಕ್ಷಿ. ಕೋರ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಹೊಗೆಸೊಪ್ಪು ಬೇಯಿಸುವ ಕೆಲಸ ಬಿಟ್ಟು ಊರಿಗೆ ಊರೇ ಬಂದಿತ್ತು.

ವೀರಭದ್ರಸ್ವಾಮಿ ಕೇಳಿದ್ದಕ್ಕೆಲ್ಲ ಚೆನ್ನಾಗಿ ಉತ್ತರ ಹೇಳಿದಳು. ಅಣ್ಣನಿಗೆ ಮದುವೆ ಆಗಿಲ್ಲ. ಆ ಹೆಂಗಸು ಎಲ್ಲಿಯವಳೋ ಗೊತ್ತಿಲ್ಲ. ಆಮೇಲೆ ಕಂಠಪ್ಪ ಎದ್ದ. ಹುಡುಗ ಬೆಳೆದಿದ್ದಾನೆ, ಸುತ್ತಿ ಬಳಸಿ ಕೇಳಲಿಲ್ಲ.

"ಈಯಮ್ಮ ಮೊದಲನೇ ಸಲ ನಿಮ್ಮ ಮನೆಗೆ ಬಂದಾಗ ಬಾಗಿಲು ತಡೆದಿದ್ದು ನೀವಾ?"

ಚಿಕ್ಕಣ್ಣ ಕೆಮ್ಮಿದ. ನನ್ನ ನಾಲಿಗೆಯ ತುದಿಯಲ್ಲಿ ಒಂದು ಮಾತು ಬಂದು ಕೂತಿತ್ತು. ಒಳ್ಳೆಯ ಮಾತು! ಇಡೀ ಕೋರ್ಟು ನನ್ನ ಮುಖ ನೋಡುತ್ತಿತ್ತು. ಚಾಮಯ್ಯ ಆಗಲೇ ಅರ್ಧ ನಗಲು ತಯಾರಾಗಿದ್ದ. ನುಂಗಿಕೊಂಡೆ. ಕೆಮ್ಮಬೇಡ ಎಂದು ಚಿಕ್ಕಣ್ಣನಿಗಷ್ಟೇ ಹೇಳಿ, ಪೆನ್ನು ಹಿಡಿದು ಕಾದೆ.

ರುಕ್ಮಿಣಮ್ಮ ನನ್ನ ಕಡೆ ನೋಡಲಿಲ್ಲ, ಕಂಠಪ್ಪನ ಕಡೆಯೂ ನೋಡಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಸಾಕಮ್ಮನ ಕಡೆ ತಿರುಗಿದಳು.

"ನನ್ನ ಯಾಕೆ ಅಂಗೆ ನೋಡೀಯೆ ಅತ್ಗೆ? ತಮ್ಮ ಯೇಳ್ಕೊಟ್ಟಂಗೆ ಯೇಳುದ್ರೆ ನಾನೇನ್ಮಾಡ್ಲಿ?"

ಆಡಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಅತ್ತಿಗೆ ಎಂಬುದನ್ನು ಇಂಗ್ಲಿಷ್ ಸಾಲಿನ ನಡುವೆ ಕನ್ನಡದಲ್ಲೇ ಬರೆದೆ.

ಚಿಕ್ಕಣ್ಣ ವಕೀಲರ ಕೋಟು ಹಿಡಿದು ಎಳೆದ. ವೀರಭದ್ರಸ್ವಾಮಿ ಅವನ ಕೈ ಬಿಡಿಸಿದರು. "ಎಲ್ಲಾ ಕೇಳುಸ್ಕೊಂಡವ್ರಲ್ಲಪ್ಪ. ಇನ್ನು ನಾನು ಏನಂತ ಎದ್ದು ಸುಳ್ಳು ಹೇಳ್ಲಿ?" ಎಂದರು. ಆಮೇಲೆ ಎದ್ದು ನನಗೆ ಕೈ ಮುಗಿದರು.

"ಯುವರ್ ಆನರ್, ವಾದಿ ಗಂಡನ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಕ್ಲರ್ಕು ಓದಲಿ. ನನ್ನ ಆಕ್ಷೇಪಣೆ ವಾಪಸು ತಗೊಂಡಿದ್ದೀನಿ."

ಎಂಥ ಮನುಷ್ಯ! ನನ್ನ ಕಣ್ಣು ಮಂಜಾಯಿತು, ಕನ್ನಡಕ ಒರೆಸಿಕೊಂಡೆ. ಸಾಕಮ್ಮನನ್ನು ಕರೆಸಿದೆ. ಈ ಸಲ ತಾನಾಗಿಯೇ ಕಟಕಟೆ ಹತ್ತಿ ನಿಂತಳು. ಚಾಮಯ್ಯ ಹಾಳೆ ತೆಗೆದು, ಡಫೇದಾರನಿಗಿಂತ ಜೋರಾಗಿ, ಜಗಲಿಯಲ್ಲಿ ನಿಂತವರಿಗೂ ಕೇಳುವ ಹಾಗೆ ಓದಿದ— ಗಂಡನ ಹೆಸರು ಜವರಯ್ಯ.

ಸಾಕಮ್ಮ ತಲೆಯಾಡಿಸಿದಳು. ನಾನು ಬರೆದುಕೊಂಡೆ.